ಹತ್ತು ಪೌಂಡಿನ ಸ್ಪ್ರಿಂಗು

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ ಟರ್ಬೊ ರಿಪೇರಿಯ ಅಂಗಡಿಯೊಂದಿತ್ತು. ಫರಸಿ ಕಲ್ಲಿನ ಗೋಡೆ, ಮೇಲೆ ತಗಡು. ಮುಂದಿನ ಕುರ್ಚಿಯಲ್ಲಿ ಉಸ್ತಾದ್ ಅಬ್ದುಲ್ ಗನಿ ಕೂತಿರುತ್ತಿದ್ದ, ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು. ಏಪ್ರಿಲ್ ಬಿಸಿಲಿನಲ್ಲೂ ಶಾಲು. ಕೇಳಿದವರಿಗೆ, "ವಾಯುವಿನ ಬ್ಯಾನಿ ಅದರಿ" ಎನ್ನುತ್ತಿದ್ದ. ಒಳಗೆ ಆ ಕೈಗಳು ಎರಡು ವರ್ಷದಿಂದ ನಡುಗುತ್ತಿದ್ದವು. ಅದು ಗೊತ್ತಿದ್ದದ್ದು ಹೆಂಡತಿ ಸರ್ವರಬೇಗಂ ಒಬ್ಬಳಿಗೇ.

ಗಿರಾಕಿ ಬಂದರೆ ಮಾತು ಗನಿಯದು. ಮಾಲು ಪರದೆಯ ಹಿಂದೆ ಹೋಗುತ್ತಿತ್ತು. ಅಲ್ಲಿ ಬಿಚ್ಚುವವಳು, ತೊಳೆಯುವವಳು, ಕೂಡಿಸುವವಳು ಸರ್ವರಬೇಗಂ. ಹೊರಗೆ ಬಂದ ಮೇಲೆ ಅದು ಮತ್ತೆ ಗನಿ ಮಾಡಿದ ಕೆಲಸವೇ. ಊಟವನ್ನು ಆಕೆ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಚಹಾ ಬಸಿಗೆ ಸುರಿದು ತಾನೇ ಹಿಡಿದು ಕುಡಿಸುತ್ತಿದ್ದಳು. ಅವನು ನುಂಗಿ, "ನಿನ್ನ ಮಾರಿಯಂಗ ಸಾರೂ ಸಪ್ಪಗದ" ಎನ್ನುತ್ತಿದ್ದ. ಅದೂ ದಿನದ ಮಾತೇ.

ಹೀಗಿರುವಾಗ ಕೋಡ್ಲಾದ ದೇವಿಂದ್ರಪ್ಪ ಸಾವ್ಕಾರ ಬಂದ. ಆಡಕಿ ಊರಿನಲ್ಲಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯ. ಎರಡು ಟ್ರ್ಯಾಕ್ಟರ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಸರಪಳಿ ಬಿಗಿದು ಎಳೆಸುತ್ತಾರೆ. ತನ್ನದಕ್ಕೆ ಅವನು ಹವಾ ಏರಿಸುವ ಹೊಸ ಎಲೆಕ್ಟ್ರಾನಿಕ್ ಡಬ್ಬಿ ಹಾಕಿಸಿದ್ದ. ಟರ್ಬೊದಿಂದ ಇಪ್ಪತ್ತು ಪೌಂಡ್ ಒತ್ತಡದ ಹವಾ ಬೇಕಾಗಿತ್ತು.

ಇಂಜಿನ್ನಿಗೆ ಹವಾ ತುಂಬುವ ಟರ್ಬೊ ತಿರುಗುವುದು ಇಂಜಿನ್ನಿನ ಹೊಗೆಯಿಂದಲೇ. ಹವಾ ಮಿತಿ ಮೀರದಂತೆ ಹೊಗೆಯನ್ನು ಬೇರೆ ದಾರಿಗೆ ಬಿಡಲು ಒಂದು ಮುಚ್ಚಳವಿದೆ, ಅದನ್ನು ಒತ್ತಿ ಹಿಡಿಯುವುದು ಒಂದು ಸ್ಪ್ರಿಂಗು. ಯಾವ ಸ್ಪ್ರಿಂಗು ಎನ್ನುವುದರಲ್ಲೇ ಇಂಜಿನ್ನಿನ ಜೀವ.

"ಇಪ್ಪತ್ತು ಬೇಕಂದ್ರ ಇಪ್ಪತ್ತಿಂದೇ ಹಾಕು" ಎಂದ ಗನಿ, ಪರದೆಯ ಹಿಂದೆ ಬಂದು.

ಸರ್ವರಬೇಗಂ ಸೈಕಲ್ ಪಂಪಿನಿಂದ ಹವಾ ಹೊಡೆದು, ಮುಚ್ಚಳದ ಸರಳು ಯಾವಾಗ ಅಲುಗುತ್ತದೆಂದು ಮೀಟರಿನ ಮುಳ್ಳು ನೋಡುತ್ತಿದ್ದಳು. "ಐದರದು ಹಾಕಿದ್ರ ಹೊಗಿನೇ ಮುಚ್ಚಳ ದಬ್ಬತದ. ಇಪ್ಪತ್ತರದು ಹಾಕಿದ್ರ, ಇಂಜಿನ್ ಕಾದಾಗ ಡಬ್ಬಿಗೆ ಕಮ್ಮಿ ಮಾಡ್ಲಿಕ್ಕಿ ದಾರಿನೇ ಇಲ್ರಿ. ಅದು ಏರಿಸ್ತದ, ಸ್ಪ್ರಿಂಗಿನ ಕೆಳಗ ಇಳಸಂಗಿಲ್ಲ. ಹತ್ತರದು ಹಾಕಿದ್ರ ಡಬ್ಬಿ ಇಪ್ಪತ್ತಕ್ಕ ಒಯ್ತದ. ವಾಯರ್ ಹೋದ್ರ ಹತ್ತಕ್ಕ ನಿಲ್ತದ, ಇಂಜಿನ್ ಉಳಿತದ."

"ನೀ ರೊಟ್ಟಿ ಬಡಿ. ಇದು ನಂಗ ಹೇಳಬ್ಯಾಡ."

ಆಕೆ ಹತ್ತರದನ್ನೇ ಹಾಕಿದಳು.

ಆಡಕಿಯಲ್ಲಿ ಎರಡು ಜಗ್ಗಾಟ ಗೆದ್ದಾಯಿತು. ಮೂರನೆಯದರಲ್ಲಿ ಡಬ್ಬಿಯ ವಾಯರು ಕಾದ ಪೈಪಿಗೆ ತಾಗಿ ಸುಟ್ಟಿತು. ಹವಾ ಹತ್ತಕ್ಕೆ ಇಳಿಯಿತು. ಎದುರಿನವರು ದೇವಿಂದ್ರಪ್ಪನ ಟ್ರ್ಯಾಕ್ಟರನ್ನು ಹೊಲದ ತುದಿಯವರೆಗೆ ಹಿಂದಕ್ಕೆ ಎಳೆದುಕೊಂಡು ಹೋದರು. ಜನ ಸಿಳ್ಳೆ ಹೊಡೆದರು. ಇಂಜಿನ್ನಿಗೆ ಕೂದಲೂ ಕೊಂಕಿರಲಿಲ್ಲ. ಅದನ್ನು ಯಾರೂ ನೋಡಲಿಲ್ಲ.

ಮರುದಿನ ಮುಂಜಾನೆ ದೇವಿಂದ್ರಪ್ಪ ಬಂದ. ಹಿಂದೆ ಡ್ರೈವರ್ ವಿಠೋಬಾ, ಕೈಯಲ್ಲಿ ಬಿಚ್ಚಿದ ಟರ್ಬೊ ಸಾಮಾನು. ಪಕ್ಕದ ಪಂಚರ್ ಅಂಗಡಿಯವರೂ ಬಂದು ನಿಂತರು.

"ಉಸ್ತಾದ್, ಒಳಗ ಹತ್ತರ ಸ್ಪ್ರಿಂಗ್ ಅದ. ಇಪ್ಪತ್ತು ಎಲ್ಲಿ ನುಂಗಿದ್ರಿ?"

ಗನಿ ಹೆಂಡತಿಯನ್ನು ನೋಡಿದ. "ನಾ ಇಪ್ಪತ್ತರದು ತಾ ಅಂದಿದ್ದೆ ಸಾವ್ಕಾರ. ಇಕಿ ಹತ್ತರದು ತಂದು ಕೈಗೆ ಕೊಟ್ಟಾಳ. ನಾ ನಂಬಿ ಹಾಕೀನಿ."

"ವಾಯರ್ ಸುಟ್ಟಿತ್ರಿ ಸಾವ್ಕಾರ" ಎಂದ ವಿಠೋಬಾ. "ಇಪ್ಪತ್ತರದಿದ್ರ ಹವಾ ಇಳೀತಿದ್ದಿಲ್ಲ, ಇಂಜಿನ್ನೇ ಸಿಡದು..."

"ನಿನ್ನ ಕೇಳೀನೇನು?" ದೇವಿಂದ್ರಪ್ಪ ಸ್ಪ್ರಿಂಗನ್ನು ಸರ್ವರಬೇಗಂಳ ಕಾಲ ಬಳಿ ಎಸೆದ. "ಮೂಗಿಗೆ ಹಾಕ್ಕೋ. ನತ್ತು ಆಗ್ತದ."

ಜನ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ಗನಿ. "ಇಕಿ ಮೂಗಿಗೆ ಅದೂ ಸಣ್ಣದಾಗ್ತದರಿ" ಎಂದ.

ಸರ್ವರಬೇಗಂ ಬಗ್ಗಿ ಸ್ಪ್ರಿಂಗನ್ನು ಎತ್ತಿಕೊಂಡಳು. ಒಳಗೆ ಹೋಗಿ ಇಪ್ಪತ್ತರ ಸ್ಪ್ರಿಂಗು, ಸ್ಕ್ರೂ, ಪಾನಾ ಎಲ್ಲ ತಾಟಿನಲ್ಲಿ ತಂದು ಗಂಡನ ಮುಂದೆ ಸ್ಟೂಲಿನ ಮೇಲಿಟ್ಟಳು.

"ತಪ್ಪು ನಂದೇ ಸಾವ್ಕಾರ. ಈಗ ನಿಮ್ಮ ಕಣ್ಣ ಮುಂದೇ ಇವರು ಹಾಕಲಿ. ಹಾಕ್ರಿ."

ಗನಿ ಅಲುಗಲಿಲ್ಲ. "ಒಳಗಿಡು. ಆಮ್ಯಾಲ ಮಾಡ್ತೀನಿ."

"ಆಮ್ಯಾಲ ಯಾಕ? ಹಾಕು" ಎಂದ ದೇವಿಂದ್ರಪ್ಪ.

ಗನಿಯ ಕಣ್ಣು ಹೆಂಡತಿಯನ್ನು ಬೇಡಿತು. ಆಕೆ ಹತ್ತಿರ ಬಂದು ತಾನೇ ಶಾಲು ತೆಗೆದಳು, ಮಡಚಿ ಹೆಗಲಿಗೆ ಹಾಕಿಕೊಂಡಳು.

ಗನಿ ಸ್ಪ್ರಿಂಗು ಇಟ್ಟು ಮುಚ್ಚಳ ಒತ್ತಿ ಹಿಡಿಯುವುದರೊಳಗೆ ಅದು ಹಾರಿ ಗೋಡೆಗೆ ಬಡಿಯಿತು. ಎರಡನೆಯ ಸಲ ತಾಟೇ ಮಗುಚಿತು. ಆ ಕೈಗಳು ಖಾಲಿ ಗಾಳಿಯಲ್ಲಿ ತಮ್ಮಷ್ಟಕ್ಕೆ ನಡುಗುತ್ತಲೇ ಇದ್ದವು. ಯಾರೋ ಮತ್ತೆ ನಕ್ಕರು.

"ಇಷ್ಟು ದಿನ ಯಾರು ಮಾಡ್ತಿದ್ರು?" ಎಂದ ದೇವಿಂದ್ರಪ್ಪ.

ಸರ್ವರಬೇಗಂ ಬಿದ್ದ ಸ್ಕ್ರೂಗಳನ್ನು ಆರಿಸತೊಡಗಿದಳು, ಬೆರಳ ಸಂದಿಯಲ್ಲಿ ಆಯಿಲಿನ ಕಪ್ಪಿತ್ತು. "ಹೆಣ್ಮಗಳ ಕೈಯಾಗ ನನ್ನ ಇಂಜಿನ್" ಎಂದು ಅವನು ಉಗುಳಿ, ಸಾಮಾನು ಎತ್ತಿಸಿಕೊಂಡು ಹೊರಟ, ಸೇಡಮ್ಮಿನ ಕಡೆ ಬೇರೆ ಮಿಸ್ತ್ರಿಯನ್ನು ಹುಡುಕಲು. ವಿಠೋಬಾ ಹಿಂದುಳಿದು, "ಭಾಬಿ, ಅವರು ಇಪ್ಪತ್ತರದೇ ಹಾಕಸ್ತಾರ. ಸೀಟಿನ ಮ್ಯಾಲ ಕೂಡಾಂವ ನಾನು" ಎಂದ.

"ಕೂಡಬ್ಯಾಡ."

"ಹೊಟ್ಟಿಗೆ?"

ವಿಠೋಬಾ ಸಾವ್ಕಾರನ ಹಿಂದೆ ನಡೆದ.

ಜನ ಚದುರಿದರು. "ಇನ್ನ ಯಾರು ಬರ್ತಾರ ಈ ಅಂಗಡಿಗೆ?" ಎಂದ ಗನಿ.

"ಯಾರೂ ಬರಂಗಿಲ್ಲ."

ಆಕೆ ಚಹಾ ಮಾಡಿದಳು. ಬಸಿಗೆ ಅಂಚಿನವರೆಗೆ ಸುರಿದು ಅವನ ಮುಂದಿಟ್ಟಳು. ತಾನು ಎದುರಿಗೆ ಕೂತಳು, ಕೈಗಳನ್ನು ಅವನ ಶಾಲಿನೊಳಗೆ ಇಟ್ಟುಕೊಂಡು.

"ಕುಡೀರಿ" ಎಂದಳು.