ಒಣಗಿಸಿದರೆ ಸಾಯುವ ಬೀಜ

ಬೆಳಗಿನ ಐದು ಗಂಟೆ. ಹೊಂಡುರಾಸ್‌ನ ಉತ್ತರದ ಬೆಟ್ಟಸಾಲಿನ ತನ್ನ ಹಿತ್ತಲಲ್ಲಿ ಫಿದೆಲಿನಾ ಒರೆಯಾನಾ ಗುವಾಮಾ ಮರದ ಕಾಯಿ ಸೀಳುತ್ತಿದ್ದಾರೆ. ಮೊಳದುದ್ದದ ಕಾಯಿ, ಒಳಗೆ ಹತ್ತಿಯಂಥ ಸಿಹಿ ತಿರುಳು, ಅದರೊಳಗೆ ಕಪ್ಪು ಬೀಜ. ತಿರುಳು ಬಿಡಿಸಿ, ಬೀಜ ತೊಳೆದು, ಒದ್ದೆ ಮರದ ಹೊಟ್ಟಿನ ಜೊತೆ ಚೀಲಕ್ಕೆ ಸುರಿಯುತ್ತಾರೆ. ಪಕ್ಕದಲ್ಲಿ ಕಾಫಿ ಆರಿ ತಣ್ಣಗಾಗಿದೆ.

"ಈ ಬೀಜಕ್ಕೆ ಕಾಯೋದು ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅದಕ್ಕೇ ನಮ್ಮಿಬ್ಬರಿಗೂ ಸರಿಹೋಯ್ತು," ಅನ್ನುತ್ತಾರೆ ಐವತ್ತಾರರ ಈ ಹೆಂಗಸು.

ಇವತ್ತಂತೂ ಅವಸರಕ್ಕೆ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಎರಡು ತಾಸು ಏರಿದರೆ ಸಿಗುವ ಮೇಲಿನ ಊರಿನ ನಿಕಾನೋರ್, ಇಂದು ಕಾಡಿಗೆ ಕೊಡಲಿ ಹಾಕುತ್ತೇನೆಂದು ಹೇಳಿಕಳಿಸಿದ್ದಾನೆ. ಎರಡು ಊರಿನವರು ನೀರು ಕುಡಿಯುವ ಒರತೆ ಇರುವುದು ಆ ಕಾಡಿನ ಬುಡದಲ್ಲೇ. ಹಾಗಂತ ನಿಕಾನೋರ್ ಕೆಟ್ಟವನೇನಲ್ಲ. ಇಲ್ಲಿ ಎಲ್ಲರೂ ಮಾಡುವುದು ಅದನ್ನೇ: ಕಡಿ, ಸುಡು, ಬೂದಿಯಲ್ಲಿ ಮೆಕ್ಕೆಜೋಳ ಬಿತ್ತು. ಎರಡು ಬೆಳೆಗೆ ಮಣ್ಣು ಸಾಯುತ್ತದೆ, ಮತ್ತೆ ಬೇರೆ ಕಾಡು. ಫಿದೆಲಿನಾರ ಗಂಡ ಹಾಗೆ ಹನ್ನೊಂದು ಕಡೆ ಸುಟ್ಟು, ಹನ್ನೆರಡನೆಯ ಇಳಿಜಾರಿನಲ್ಲಿ ಜಾರಿಬಿದ್ದು ಸತ್ತ.

ಆಮೇಲೆ ಇವರು ಸತ್ತ ನೆಲದಲ್ಲೇ ಗುವಾಮಾ ಸಾಲು ಹಾಕಿದರು. ಎರಡು ವರ್ಷಕ್ಕೆ ನೆರಳು ಕೂಡಿ ಹುಲ್ಲು ಸಾಯುತ್ತದೆ. ಎದೆಮಟ್ಟಕ್ಕೆ ಸವರಿದರೆ ಮರ ಮತ್ತೆ ಚಿಗುರುತ್ತದೆ; ಕೊಂಬೆ ಒಲೆಗೆ, ಸೊಪ್ಪು ಮಣ್ಣಿಗೆ. ಆ ಸೊಪ್ಪಿನ ಹಾಸಿನಲ್ಲಿ ತೂತು ಮಾಡಿ ಮೆಕ್ಕೆಜೋಳ ಊರುತ್ತಾರೆ. ಹದಿನಾಲ್ಕು ವರ್ಷದಿಂದ ಅದೇ ನೆಲ ಉಣ್ಣಿಸುತ್ತಿದೆ. ಕಾಯಿ ಬಿಡುವ ಕಾಲದಲ್ಲಿ ದಿನಕ್ಕೆ ಎರಡು ಸಾವಿರ ಬೀಜ ಬಿಡಿಸಿ ಮನೆಮನೆಗೆ ಹೊರುತ್ತಾರೆ. ಇಲ್ಲಿಯವರೆಗೆ ನಲವತ್ತೊಂದು ಮನೆ.

ಹೋದ ವರ್ಷ ನಿಕಾನೋರನಿಗೂ ಕೊಟ್ಟಿದ್ದರು. ಆತ ಬುದ್ಧಿವಂತಿಕೆ ಮಾಡಿ, ಮೆಕ್ಕೆಜೋಳದ ಬೀಜದಂತೆ ಮೂರು ದಿನ ಬಿಸಿಲಿಗೆ ಹರವಿದ. ಒಂದೂ ಮೊಳೆಯಲಿಲ್ಲ. ಅವನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡ ಧರ್ಮತಾಯಿ ಫಿದೆಲಿನಾ. ಅಂದಿನಿಂದ ಅವನಿಗೆ ಇವರು 'ಕೋಮಾದ್ರೆ'. 'ಕೋಮಾದ್ರೆಯ ಸತ್ತ ಬೀಜ' ಎಂದು ಊರೆಲ್ಲ ನಕ್ಕಿತು.

"ತಪ್ಪು ನಂದೇ. ಒಣಗಿಸಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ. ಗೊತ್ತಿರುತ್ತೆ ಅನ್ಕೊಂಡೆ," ಎನ್ನುವಾಗ ಅವರ ಮುಖ ಇಂದಿಗೂ ಸಣ್ಣದಾಗುತ್ತದೆ.

ಇಂದು ಚೀಲ ಹೊತ್ತು ಏರುವ ದಾರಿಯ ಪ್ರತಿ ತಿರುವಿನಲ್ಲೂ ಕೊಡಲಿಯ ಸದ್ದಿಗೆ ಕಿವಿಗೊಡುತ್ತಾರೆ. ಮೇಲೆ ತಲುಪಿದಾಗ ನಿಕಾನೋರ್ ಅಂಗಳದಲ್ಲಿ ಕೊಡಲಿ ಮಸೆಯುತ್ತಿದ್ದಾನೆ. ಚೀಲ ಬಿಚ್ಚಿದರೆ, ಕಾಯಿಯೊಳಗೇ ಮೊಳೆಯತೊಡಗಿದ್ದ ಬೀಜಗಳಿಗೆ ಆಗಲೇ ಬಿಳಿ ಬೇರು ಇಣುಕಿದೆ.

"ಕೆಟ್ಟುಹೋಗಿದೆ, ಕೋಮಾದ್ರೆ."

"ಕೆಟ್ಟಿರೋದು ನಿನ್ನ ತಲೆ. ಹೋದ ವರ್ಷ ಸತ್ತದ್ದು ಅಂದೆ. ಈ ವರ್ಷ ಬದುಕಿದ್ರೂ ತಪ್ಪಾ?"

ಅವನು ನಗುವುದಿಲ್ಲ. "ಮರ ಬೆಳೆಯೋಕೆ ಎರಡು ವರ್ಷ ಅಂತೀರಿ. ಅಲ್ಲೀವರೆಗೆ ಐದು ಹೊಟ್ಟೆಗೆ ಏನು ಹಾಕ್ಲಿ, ಸೊಪ್ಪಾ?"

ಈ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ "ಹೇಗೋ ಆಗುತ್ತೆ" ಎಂದು ಹೇಳಿ ಎದ್ದು ಬಂದವರು ಇವರು. ಇವತ್ತು ಹಾಗೆನ್ನಲು ನಾಲಿಗೆ ಏಳುವುದಿಲ್ಲ.

"ನನ್ನ ಹೊಲದ ಕೆಳಗಿನ ಅರ್ಧ ತಗೋ. ಎರಡು ವರ್ಷ ನೀನೇ ಬಿತ್ತು, ನೀನೇ ಕೊಯ್ಯಿ. ದೂರ ಅನ್ಬೇಡ, ಕಾಡು ಹುಡುಕ್ಕೊಂಡು ಇದಕ್ಕಿಂತ ದೂರ ಹೋಗ್ತಿದ್ದೆ."

"ನೀವೇನು ತಿಂತೀರಿ?"

"ನಾನೊಬ್ಬಳು. ಇನ್ನರ್ಧ ಸಾಕು. ಮೊದಲು ಆ ಕೊಡಲಿ ಒಳಗಿಡು ಮಾರಾಯ, ಬೀಜ ಕಾಯ್ತಾ ಇದೆ."

ನಿಕಾನೋರ್ ಕೊಡಲಿ ಒಳಗಿಟ್ಟು ಗುದ್ದಲಿ ತರುತ್ತಾನೆ. ಸಂಜೆಯ ಹೊತ್ತಿಗೆ ಮಣ್ಣು ತುಂಬಿದ ಎಂಟುನೂರು ಪುಟ್ಟ ಚೀಲಗಳಲ್ಲಿ ಬೀಜ ಕೂತಿದೆ. ಅವನ ಹೆಂಡತಿ ಕೊಟ್ಟ ರೊಟ್ಟಿಯನ್ನು ಫಿದೆಲಿನಾ ನಿಂತೇ ತಿನ್ನುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ನಿಕಾನೋರನತ್ತ ಓರೆಗಣ್ಣಲ್ಲಿ ನೋಡುತ್ತಾರೆ.

"ಇನ್ನೆರಡು ವರ್ಷ ಬದುಕಿರ್ಬೇಕು, ಅಷ್ಟೇ. ಮರ ಸವರೋ ದಿನ ಇವನು ಬುಡಕ್ಕೇ ಕತ್ತಿ ಹಾಕ್ತಾನೆ. ಈ ಸಲ ಬಾಯಿಬಿಟ್ಟು ಹೇಳೋಕೆ ನಾನು ಇರ್ಬೇಕಲ್ಲ."