ಮೂರು ವಾರ ಮುಂಚಿನ ಗಣಪತಿ

ನಮ್ಮ ಮನೆಯಲ್ಲಿ ಕೆಲವು ವರ್ಷ ಎಲ್ಲ ಹಬ್ಬಗಳೂ ಮೂರು ವಾರ ಮೊದಲೇ ಬರುತ್ತಿದ್ದವು. ಪಂಚಾಂಗದ ದೋಷವೇನೂ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ ಒಂದು ಅಡುಗೆ ಬ್ಲಾಗು ನಡೆಸುತ್ತಿದ್ದೆ.

ಹಬ್ಬದ ದಿನ ಹೋಳಿಗೆ ಮಾಡುವುದು ಹೇಗೆಂದು ಯಾರೂ ಹುಡುಕುವುದಿಲ್ಲ. ಆ ಹೊತ್ತಿಗೆ ಮಾಡಿ ಕೆಡಿಸಿರುತ್ತಾರೆ. ಹುಡುಕಾಟವೆಲ್ಲ ಅದಕ್ಕೆ ಮೊದಲಿನ ವಾರಗಳಲ್ಲಿ. ಅಷ್ಟರೊಳಗೆ ನಮ್ಮ ಪುಟ ಸಿದ್ಧವಾಗಿರದಿದ್ದರೆ ಅದರ ಪಕ್ಕದಲ್ಲಿ ಅಂಟಿಸಿದ ಜಾಹೀರಾತುಗಳನ್ನು ಒತ್ತುವವರು ಇಲ್ಲ. ಹೀಗಾಗಿ ಶಿಕಾಗೋ ಬಳಿಯ ನೇಪರ್‌ವಿಲ್ಲಿನ ನಮ್ಮ ಅಡುಗೆಮನೆಯಲ್ಲಿ ಯುಗಾದಿಯ ಹೋಳಿಗೆ ಹಿಮ ಕರಗುವ ಮೊದಲೇ ಬೇಯುತ್ತಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಕ್ರಿಸ್‌ಮಸ್ ರಜೆಯಲ್ಲೇ ಖಾಲಿಯಾಗುತ್ತಿತ್ತು. ನಿಜವಾದ ಹಬ್ಬದ ದಿನ ಮನೆಯಲ್ಲಿ ಯಾರಿಗೂ ಸಿಹಿ ಬೇಕಿರುತ್ತಿರಲಿಲ್ಲ. ಫ್ರೀಜರಿನ ಪಿಜ್ಜಾ ಬಿಸಿ ಮಾಡಿಕೊಂಡು ತಿಂದು, ನಾನು ಮುಂದಿನ ಹಬ್ಬದ ಫೋಟೋಗಳನ್ನು ತಿದ್ದುತ್ತ ಕೂರುತ್ತಿದ್ದೆ.

ಈ ಉದ್ಯೋಗಕ್ಕೆ ಬೇಕಾದ ಓದು ನನ್ನದಾಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಲು ಬಂದವನು ನಾನು. ನೆನಪನ್ನು ಸಾಕ್ಷಿಯಾಗಿ ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ನನ್ನ ಪ್ರಬಂಧದ ವಿಷಯ. ಅರ್ಧಕ್ಕೆ ಬಿಟ್ಟೆ. ಅದರಿಂದ ಉಳಿದದ್ದು ಒಂದೇ ಲಾಭ: ನಾನು ಹೇಳುವುದನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಮೇಲೆ ಎಲ್ಲರಂತೆ ಕಂಪ್ಯೂಟರು ಕಲಿತು ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ಕಾಯುವ ಕೆಲಸ ಹಿಡಿದೆ. ಆ ವಿಭಾಗವನ್ನೇ ಮುಚ್ಚಿದರು. ಆಗ ನಮ್ಮ ಮಗ ಇನ್ನೂ ಅಂಬೆಗಾಲಿಡುತ್ತಿದ್ದ, ಮಗಳು ಶಾಲೆಗೆ ಹೋಗುತ್ತಿದ್ದಳು. ಹೆಂಡತಿಗೆ ಇಟಾಸ್ಕಾದಲ್ಲಿ ಒಳ್ಳೆಯ ಕೆಲಸವಿತ್ತು, ಇನ್ಶೂರೆನ್ಸ್ ಅವಳ ಕಡೆಯಿಂದಲೇ ಇತ್ತು. ಮಕ್ಕಳನ್ನು ನೋಡಿಕೊಂಡು ನಾನು ಮನೆಯಲ್ಲಿ ಉಳಿದೆ.

ಮಕ್ಕಳನ್ನು ಬೆಳೆಸುತ್ತಲೇ ಮನೆಯಿಂದ ಬಿಸಿನೆಸ್ ಕಟ್ಟಿ ಎಂದು ಉಪದೇಶಿಸುವ ಪುಟಗಳನ್ನು ನಾನು ಆಗ ಬೇಕಾದಷ್ಟು ಓದಿದೆ. ಅವನ್ನು ಬರೆದವರಿಗೆ ಮಕ್ಕಳಿರಲಿಲ್ಲ, ಇದ್ದರೆ ಆಯಾ ಇದ್ದಳು ಎಂಬುದು ನನ್ನ ಗಟ್ಟಿ ಅನುಮಾನ. ನನ್ನ ಆಫೀಸಿನ ಸಮಯವೆಂದರೆ ಮಗನ ಮಧ್ಯಾಹ್ನದ ನಿದ್ದೆ. ಅವನು ಎದ್ದರೆ ಆಫೀಸು ಮುಚ್ಚಿತು. ಫೋಟೋಗೆ ಹಗಲು ಬೆಳಕು ಬೇಕು, ಚಳಿಗಾಲದಲ್ಲಿ ಅದು ನಾಲ್ಕೂವರೆಗೆ ಮುಗಿಯುತ್ತದೆ. ಆದ್ದರಿಂದ ರಾತ್ರಿಯ ಊಟ ಮಧ್ಯಾಹ್ನ ತಯಾರಾಗಿ, ಕಿಟಕಿಯ ಬಳಿ ಪೋಸು ಕೊಟ್ಟು, ತಣ್ಣಗಾಗಿ, ಸಂಜೆ ಮಕ್ಕಳ ತಟ್ಟೆಗೆ ಬರುತ್ತಿತ್ತು.

ಓದುಗರ ವಿಷಯ ಹೇಳದಿರುವುದೇ ಮೇಲು. ಬೆಲ್ಲದ ಪಾಕದ ಬಗ್ಗೆ ಒಂದು ಪುಟ ಬರೆದರೆ, ಸಕ್ಕರೆ ಬದಲು ಬೆಲ್ಲ ಹಾಕಬಹುದೇ ಎಂದು ಕೆಳಗೆ ಕೇಳುತ್ತಿದ್ದರು. ಉಳಿದವರು ನನ್ನಂಥದೇ ಬ್ಲಾಗಿನವರು. ತುಂಬ ಚೆನ್ನಾಗಿದೆ, ನಮ್ಮ ಕಡೆಗೂ ಬನ್ನಿ ಎಂದು ಬರೆದು ಹೋಗುತ್ತಿದ್ದರು. ಮದುವೆಮನೆಯ ಮುಯ್ಯಿಯ ಹಾಗೆ ನಾನೂ ಹೋಗಿ, ಓದದೇ ಇದ್ದದ್ದನ್ನು ಹೊಗಳಿ ಬರುತ್ತಿದ್ದೆ. ಹಿಟ್ಟು ಕಲಸುವ ಚಿತ್ರದಲ್ಲಿ ಮಗಳ ಬೆರಳು ಕಂಡರೆ ಮಾತ್ರ ಜನ ಮುಗಿಬೀಳುತ್ತಿದ್ದರು. ಹಾಗಾಗಿ ನಾನು ಮಕ್ಕಳ ಬಗ್ಗೆ ಬರೆದೆ, ಅವರ ಬಾಯಲ್ಲಿ ಮುದ್ದು ಮಾತುಗಳನ್ನು ಹಾಕಿದೆ. ಆ ವಯಸ್ಸಿನಲ್ಲಿ ಮಗಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದದ್ದು ‘ಐ ಆ್ಯಮ್ ಬೋರ್ಡ್’ ಎಂದು. ಅದಕ್ಕೆ ಗಿರಾಕಿಗಳಿಲ್ಲ. ಈಗ ನೆನಪಿಸಿಕೊಳ್ಳಲು ಕೂತರೆ ನಾನು ಹೇಳಿಸಿದ್ದೇ ಮೊದಲು ಬರುತ್ತದೆ. ಅವಳು ಹೇಳಿದ್ದನ್ನು ತಡಕಾಡಿ ಹುಡುಕಬೇಕು.

ಇದು ಎರಡು ಸಾವಿರದ ಏಳೋ ಎಂಟೋ ಇರಬೇಕು. ಆಗಸ್ಟ್, ಶಾಲೆಗೆ ಇನ್ನೂ ಬೇಸಿಗೆ ರಜೆ. ಮಕ್ಕಳ ಜೊತೆ ಮನೆಯಲ್ಲೇ ಮಣ್ಣಿನ ಗಣಪತಿ ಮಾಡುವುದು ಹೇಗೆ ಎಂಬ ಪುಟ ಹಾಕುವುದೆಂದು ತೀರ್ಮಾನಿಸಿದೆ. ಮಣ್ಣಿನ ಉಂಡೆಯಿಂದ ಹಿಡಿದು ಪೂಜೆಯವರೆಗೆ ಸಾಲಾಗಿ ಚಿತ್ರಗಳು, ಕೊನೆಯದು ಬಕೆಟ್ಟಿನಲ್ಲಿ ವಿಸರ್ಜನೆ. ಮಗಳಿಗೆ ಆಗ ಎಂಟು ವರ್ಷ. ಎರಡು ಮಧ್ಯಾಹ್ನ ನೆಲದ ಮೇಲೆ ಕೂತು ಮಾಡಿದಳು. ಸೊಂಡಿಲು ಬಿದ್ದುಹೋಗಿ ಮತ್ತೆ ಅಂಟಿಸಿದಳು. ಕಣ್ಣಿಗೆ ಮೆಣಸಿನ ಕಾಳು ಒತ್ತಿದಳು. ಇಲಿ ಗಣಪತಿಯ ಮಂಡಿಯೆತ್ತರ ಬಂದಿತ್ತು, ಚಿಕ್ಕದು ಮಾಡು ಎಂದರೆ ಕೇಳಲಿಲ್ಲ, ಅಷ್ಟು ದೊಡ್ಡವನನ್ನು ಅದು ಹೊರಬೇಕಲ್ಲ ಎಂದಳು. ಕೆಲಸ ಮಾಡುತ್ತ ಅದರ ಜೊತೆ ಏನೋ ಪಿಸುಗುಡುತ್ತಿದ್ದಳು. ನಾನು ಬೆಳಕು ನೋಡಿಕೊಳ್ಳುತ್ತಿದ್ದೆ.

ಪೂಜೆಯ ಚಿತ್ರ ಮುಗಿದು ಕಡಬು ಇನ್ನೂ ತಟ್ಟೆಯಲ್ಲಿದ್ದಾಗ ಪಕ್ಕದ ಬೀದಿಯ ಹುಬ್ಬಳ್ಳಿಯ ಗೆಳೆಯ ನಮ್ಮ ಏಣಿ ವಾಪಸು ಕೊಡಲು ಬಂದ.

“ಏನ್ರಿ ಸರ, ಈ ಸಲ ಗಣಪ್ಪ ಲಗೂನ ಬಂದಾನಲ್ರಿ? ಫ್ಲೈಟ್ ಅರ್ಲಿ ಆತೇನ್?”

“ಫೋಟೋಗೆ ಬಂದಿದಾನೆ.”

“ಹಂಗಾದ್ರ ಕಡಬು ಈಗ ತಿನ್ನೋದೋ, ಹಬ್ಬಕ್ಕ ಬಂದು ತಿನ್ನೋದೋ?”

“ಈಗ್ಲೇ ತಿನ್ನಿ. ಹಬ್ಬಕ್ಕೆ ಇರಲ್ಲ.”

“ನಿಮ್ಮನಿ ದೇವ್ರೂ ಡೆಡ್‌ಲೈನ್ ಮ್ಯಾಲೆ ಬದುಕ್ತಾನ ನೋಡ್ರಿ,” ಎಂದು ಬಾಯಿಗೊಂದು, ಕೈಗೆರಡು ಕಡಬು ತೆಗೆದುಕೊಂಡು ನಗುತ್ತ ಹೋದ.

ನಾನು ನೀಲಿ ಬಕೆಟ್ಟಿನಲ್ಲಿ ನೀರು ತುಂಬಿ ಬೆಳಕಿನಲ್ಲಿಟ್ಟೆ. ಮಗಳನ್ನು ಕರೆದೆ. “ಈಗ ನಿಧಾನಕ್ಕೆ ನೀರಿಗೆ ಬಿಡು. ಕೈ ಕಾಣಬೇಕು, ಮುಖ ಬೇಡ.”

“ನೋ.”

“ಯಾಕೆ?”

“ಹಬ್ಬ ಇನ್ನೂ ಬಂದೇ ಇಲ್ಲ ಅಂತ ಅಮ್ಮ ಸೆಡ್. ಹಿ ಡಿಡಂಟ್ ಈವನ್ ಕಮ್ ಯೆಟ್, ಅಪ್ಪಾ. ಹೌ ಕ್ಯಾನ್ ಹಿ ಗೋ?”

ಬಾರದವನನ್ನು ಕಳಿಸಿಕೊಡುವುದು ಹೇಗೆ? ಮಗ ಏಳುವ ಹೊತ್ತಾಗುತ್ತಿತ್ತು. “ಅದು ಬರೀ ಮಣ್ಣು ಕಣೇ. ಹಬ್ಬಕ್ಕೆ ಇನ್ನೊಂದು ಮಾಡೋಣ,” ಎಂದೆ.

“ಬರೀ ಮಣ್ಣಾದ್ರೆ ಯೂ ಮೇಕ್ ಒನ್,” ಎಂದಳು. ಗಣಪತಿಯನ್ನು ಎದೆಗವುಚಿಕೊಂಡು, ಇಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಹೋದಳು. ತನ್ನ ಬಟ್ಟೆಯ ಕ್ಲಾಸೆಟ್ಟಿನಲ್ಲಿಟ್ಟು ಬಾಗಿಲು ಹಾಕಿದ ಸದ್ದು ಕೇಳಿಸಿತು.

ತರ್ಕ ಸರಿಯಾಗಿಯೇ ಇತ್ತು. ಉಳಿದ ಮಣ್ಣಿನಲ್ಲಿ ನಾನೇ ಒಂದು ಮಾಡಿದೆ. ಸೊಂಡಿಲಿರುವ ಆಲೂಗಡ್ಡೆಯಂತೆ ಕಾಣುತ್ತಿತ್ತು. ಅಷ್ಟರಲ್ಲಿ ಮಗ ಎದ್ದು ಅಳತೊಡಗಿದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಟೈಮರ್ ಇಟ್ಟು, ಒಂದೇ ಕೈಯಲ್ಲಿ ನನ್ನ ಗಣಪತಿಯನ್ನು ನೀರಿಗೆ ಅದುಮಿದೆ. ಮೊದಲು ಸೊಂಡಿಲು ಬಿಟ್ಟುಕೊಂಡಿತು. ಚಿತ್ರದಲ್ಲಿ ಒಂದು ಕಿವಿ, ಒಂದಿಷ್ಟು ಕೆಸರು, ನನ್ನ ಮಣಿಕಟ್ಟು ಬಂದವು.

ಅದರ ಕೆಳಗೆ ಬರೆದೆ: ನನ್ನ ಮಗಳು ಕಣ್ಣೊರೆಸಿಕೊಳ್ಳುತ್ತ, ಹೋಗಿ ಬಾ ಗಣಪ್ಪ, ಮುಂದಿನ ವರ್ಷ ಬೇಗ ಬಾ ಎಂದಳು. ನಾನು ಬರೆದ ಪುಟಗಳಲ್ಲಿ ಅಷ್ಟು ಜನ ಓದಿದ್ದು ಬೇರೆ ಇಲ್ಲ. ಓದಿ ಕಣ್ಣು ತುಂಬಿತು ಎಂದರು. ಅಮೆರಿಕದಲ್ಲಿದ್ದೂ ಎಂಥ ಸಂಸ್ಕಾರ ಎಂದರು. ಎಂಟು ವರ್ಷದ ಹುಡುಗಿಯ ಮಣಿಕಟ್ಟಿನ ಮೇಲೆ ಅಷ್ಟು ಕೂದಲು ಹೇಗೆಂದು ಒಬ್ಬನೂ ಕೇಳಲಿಲ್ಲ.

ಸಂಜೆ ಹೆಂಡತಿ ಕೆಲಸದಿಂದ ಬಂದು ಓದಿದಳು. “ರೀ, ಇವ್ಳು ಅತ್ಳಾ?”

“ಇಲ್ಲ. ಹಬ್ಬದ ದಿನ ಅಳ್ತಾಳೆ. ನಾನು ಸ್ವಲ್ಪ ಮುಂಚೆ ಬರ್ದಿದೀನಿ ಅಷ್ಟೆ.”

ಅವಳು ನಗಲಿಲ್ಲ. “ಅವ್ಳಿಗೆ ಇಂಗ್ಲಿಷ್ ಓದಕ್ಕೆ ಬರತ್ತೆ. ಅದು ಗೊತ್ತಿದೆಯಲ್ಲ ನಿಮಗೆ?”

ಮಗಳು ಓದಿಯೂ ಆಗಿತ್ತು. ಮರುದಿನ ಬೆಳಿಗ್ಗೆ ಸೀರಿಯಲ್ ತಿನ್ನುತ್ತ, ತಲೆ ಎತ್ತದೆ, “ಐ ಡಿಡಂಟ್ ಕ್ರೈ,” ಎಂದಳು.

“ಅದು ಕಥೆ ಪುಟ್ಟಿ. ಬರೆಯೋರು ಹಾಗೆಲ್ಲ ಸೇರಿಸ್ತಾರೆ.”

“ಇಟ್ ಸೇಸ್ ಮೈ ಡಾಟರ್. ನಿಂಗೆ ಇರೋದು ಒಬ್ಳೇ.”

ಮುಂದಿನ ಮೂರು ವಾರ ಆ ಕ್ಲಾಸೆಟ್ಟಿನ ಬಳಿಗೆ ನನಗೆ ಪ್ರವೇಶವಿರಲಿಲ್ಲ. ಒಗೆದ ಬಟ್ಟೆಯನ್ನೂ ಬಾಗಿಲ ಹೊರಗೆ ಇಟ್ಟು ಹೋಗಬೇಕಿತ್ತು. ನಾನು ಕ್ಯಾಮೆರಾ ಹಿಡಿದು ನುಗ್ಗುತ್ತೇನೆ, ಅವಳಿಲ್ಲದಾಗ ಗಣಪತಿಯನ್ನು ಮುಳುಗಿಸುತ್ತೇನೆ ಎಂಬ ಭಯ ಅವಳಿಗೆ. ಮಣ್ಣಿನ ಮುದ್ದೆಯೊಂದಕ್ಕೆ ಇಷ್ಟು ಕಾವಲೇ ಎಂದು ನನಗೆ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ನಂಬಿಕೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಬ್ಬ ಬಂದದ್ದು ವಾರದ ನಡುವೆ. ಶಾಲೆ ಶುರುವಾಗಿತ್ತು. ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದು ಹೊಸದಾಗಿ ಕಡಬು ಮಾಡಿದಳು. ಮಗಳು ಗಣಪತಿಯನ್ನು ಕೆಳಗೆ ತಂದಳು. ಮಣ್ಣು ಒಣಗಿ ಹೊಟ್ಟೆಯ ಮೇಲೆ ಅಡ್ಡಕ್ಕೆ ಬಿರುಕು ಬಿಟ್ಟಿತ್ತು, ತನ್ನ ಜಡೆಯ ರಿಬ್ಬನ್ನಿನಿಂದ ಬಿಗಿಯಾಗಿ ಕಟ್ಟಿದ್ದಳು. ಅಮ್ಮ ಹೇಳಿದ ಹೊಟ್ಟೆಗೆ ಹಾವು ಸುತ್ತಿಕೊಂಡ ಕಥೆಯ ಪ್ರಕಾರ ಅದು ಸರಿಯಾದ ಚಿಕಿತ್ಸೆ. ಕ್ಯಾಮೆರಾ ಎಲ್ಲಿದೆ ಎಂದು ಅವಳು ಮೊದಲೇ ವಿಚಾರಿಸಿಕೊಂಡಿದ್ದಳಂತೆ. ಹೆಂಡತಿ ಅದನ್ನು ಕಾರಿನಲ್ಲಿಟ್ಟು ಬೀಗ ಹಾಕಿದ್ದಳು.

ಮಂಗಳಾರತಿಯಾದ ಮೇಲೆ ಹಿತ್ತಿಲಿಗೆ ಬಕೆಟ್ಟು ಹೋಯಿತು. ಹೆಂಡತಿ ಮಗನನ್ನೆತ್ತಿಕೊಂಡು ಹೊರಟಳು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ. ಗಾಜಿನ ಬಾಗಿಲ ಬಳಿ ಮಗಳು ತಿರುಗಿ ನಿಂತಳು.

“ನೋ ಅಪ್ಪಾ. ಯೂ ಆಲ್ರೆಡಿ ಡಿಡ್ ಯುವರ್ಸ್.”

ಹೊರಗೆ ಹೋಗಿ ಮೊಣಕೈಯಿಂದ ಬಾಗಿಲು ಸರಿಸಿ ಮುಚ್ಚಿದಳು. ಚಿಲಕ ಹಾಕಿರಲಿಲ್ಲ. ತೆಗೆದು ಹೋಗಬಹುದಿತ್ತು.

ಗಾಜಿನಾಚೆ ಮೂವರೂ ಬಕೆಟ್ಟಿನ ಮೇಲೆ ಬಗ್ಗಿದ್ದು ಕಂಡಿತು. ಮಗಳ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಅವಳು ಕಣ್ಣೊರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ, ಆದ್ದರಿಂದಲೇ ಅದನ್ನು ನಂಬಲಾರೆ. ಮೂರು ವಾರ ಮೊದಲು ಅದನ್ನು ಬರೆದಿಟ್ಟವನು ನಾನೇ. ಎಷ್ಟೋ ವರ್ಷಗಳ ನಂತರ ಹೆಂಡತಿಯನ್ನು ಕೇಳಿದೆ. “ಅಳ್ಲಿಲ್ಲ ಅನ್ಸತ್ತೆ. ಸೊಳ್ಳೆ ಕಡೀತಿತ್ತು, ಅದೊಂದು ಗೊತ್ತು,” ಎಂದಳು. ಅವಳ ಸಾಕ್ಷ್ಯವೂ ಅಷ್ಟೇ.

ಒಳಗೆ ಬಂದು ಮಗಳು ಸಿಂಕಿನ ಮುಂದೆ ಸ್ಟೂಲು ಹತ್ತಿ ನಿಂತಳು. ಮೊಣಕೈವರೆಗೆ ಬೂದು ಮಣ್ಣು.

“ಏನಂದೆ ಅವನಿಗೆ?” ಎಂದು ಕೇಳಿದೆ.

“ನಾಟ್ ಟೆಲಿಂಗ್,” ಎಂದು ನಲ್ಲಿ ತಿರುಗಿಸಿದಳು.

ಇದನ್ನು ನಾನು ಆಗ ಎಲ್ಲೂ ಬರೆಯಲಿಲ್ಲ. ಆದ್ದರಿಂದ ಇದು ನಡೆದಿರಬೇಕು.