ಮಾಲ್ಸುನ್ ಕತ್ತರಿಸಲಾರದ ತಲೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಾಗಿದ್ದರೂ ನಾಳೆಯಿಂದ ನನ್ನ ನಾಲಿಗೆಗೆ ಕಿಮ್ಚಿ ಉಪ್ಪಿನಕಾಯಿಯ ಖಾರ ತಿಳಿಯದೆ ಹೋಗಲಿ. ನಮ್ಮ ಕಡೆಯವನಿಗೆ ಅದಕ್ಕಿಂತ ದೊಡ್ಡ ಶಾಪವಿಲ್ಲ.

ಜುಲೈ ಕೊನೆ, ಬೆಳಗಿನ ಐದು ಗಂಟೆ. ಕೊರಿಯಾದ ಇಂಚನ್ ನಗರದ ಹಳೆಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಚೋ ಮಾಲ್ಸುನ್ ಎಂಬಾಕೆ ಹಳೇ ಪೇಪರು ಹಾಸಿಕೊಂಡು ಕೂತಿದ್ದಾರೆ. ಆಪರೇಷನ್ ಆದ ಬಲಮಂಡಿ ಇನ್ನೂ ಮಡಚುವುದಿಲ್ಲ, ಕಾಲು ಉದ್ದಕ್ಕೆ ಚಾಚಿದೆ. ಬಾಗಿಲಲ್ಲಿ ನಾನು ನಿಂತು ನೋಡುತ್ತಿದ್ದೇನೆ. ಪಕ್ಕದಲ್ಲಿ ಸೋಜು ಸಾರಾಯಿಯ ಬಾಟಲಿ. ಕುಡಿಯುವುದಕ್ಕಲ್ಲ, ಚಾಕು ಒರೆಸುವುದಕ್ಕೆ. ಎದುರಿನ ಕುಂಡದಲ್ಲಿರುವುದು ಅವರೇ ಹುಟ್ಟಿಸಿದ ಹೊಸ ತಳಿಯ ಗಿಡ, ಹನ್ನೊಂದು ವರ್ಷದ್ದು. ಇಂಥದ್ದು ಭೂಮಿಯ ಮೇಲೆ ಇದೊಂದೇ. ಬುಡದಿಂದ ಕೊಳೆಯುತ್ತಿದೆ. ಕೊಳೆ ಮೇಲಿನ ಎಲೆಗೊಂಚಲನ್ನು, ಅಂದರೆ ತಲೆಯನ್ನು, ಮುಟ್ಟುವ ಮೊದಲು ಕತ್ತರಿಸಿದರೆ ಗಿಡ ಉಳಿಯುತ್ತದೆ. ಈಗಾಗಲೇ ಮುಟ್ಟಿದ್ದರೆ ಮುಗಿಯಿತು.

ಅರವತ್ತೆಂಟರ ಮಾಲ್ಸುನ್ ಎರಡು ಕಟ್ಟಡಗಳ ಮೆಟ್ಟಿಲು ತೊಳೆಯುವವರು. ಒಂದೊಂದಕ್ಕೂ ಹದಿನೈದು ಮಹಡಿ. ಮಂಡಿ ಸವೆದದ್ದು ಅಲ್ಲೇ. ಮನೆಗೆ ಬಂದರೆ ಮುನ್ನೂರ ನಲವತ್ತು ಕುಂಡ, ಎಲ್ಲವೂ ಗುಲಾಬಿಯ ಹಾಗೆ ಸುತ್ತುಸುತ್ತಾಗಿ ದಪ್ಪ ಎಲೆ ಜೋಡಿಸಿಕೊಂಡ ಸಕ್ಯುಲೆಂಟ್‌ಗಳು. ಗಂಡ ಹೆಂಡತಿ ಊಟಕ್ಕೆ ಕೂರಬೇಕಾದರೂ ಗಿಡಗಳ ಅಪ್ಪಣೆ ಕೇಳಬೇಕು. ವಸಂತದಲ್ಲಿ ಹುಬ್ಬು ತೀಡುವ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ಬೀಜವೋ, ಧೂಳಿಗಿಂತ ಸಣ್ಣದು. ಒಂದು ವರ್ಷ ಬಿತ್ತುವಾಗ ಸೀನು ಬಂದು ಇಡೀ ತಲೆಮಾರೇ ಪಕ್ಕದ ಮನೆಯ ಬಾಲ್ಕನಿಗೆ ಹಾರಿಹೋಯಿತಂತೆ. ಅಲ್ಲಿ ಮೊಳೆತದ್ದನ್ನು ಅವರು ಇವತ್ತಿಗೂ ಯಾವುದೋ ಹಕ್ಕಿ ತಂದು ಹಾಕಿದ್ದು ಅಂದುಕೊಂಡಿದ್ದಾರೆ.

ಬಣ್ಣ ಬರಿಸುವುದೇ ಕಷ್ಟ. "ಸುಖವಾಗಿಟ್ರೆ ಸೊಪ್ಪಿನ ಥರ ಹಸಿರಾಗಿ ಕೂತುಬಿಡುತ್ತೆ. ಬಾಯಾರಿಸಬೇಕು, ಚಳಿಲಿ ನಿಲ್ಲಿಸಬೇಕು. ಆಗ ಕೆಂಪಾಗುತ್ತೆ," ಎನ್ನುತ್ತಾರೆ ಮಾಲ್ಸುನ್.

ಅವರು ಹುಟ್ಟಿಸಿದ ಎರಡು ತಳಿಗಳು ಈಗ ದೇಶದ ಅಂಗಡಿಗಳಲ್ಲೆಲ್ಲ ಇವೆ. ಸಸಿ ಒಯ್ದ ಹಸಿರುಮನೆಯವನು ಒಂದಕ್ಕೆ ಮಗಳ ಹೆಸರಿಟ್ಟ, ಇನ್ನೊಂದಕ್ಕೆ ನಾಯಿಯದು. ಮೂರನೆಯದನ್ನು, ಅಂದರೆ ಈಗ ಎದುರಿಗಿರುವುದನ್ನು, ಅವರು ಯಾರಿಗೂ ಕೊಡಲಿಲ್ಲ. ಬೂದಿನೀಲಿ ಮೈ. ನವೆಂಬರ್ ಕೊನೆಗೆ ಅಂಚಿಗೆ ಕೆಂಡ ಹತ್ತಿಕೊಂಡರೆ ನಲವತ್ತು ದಿನ ಆರುವುದಿಲ್ಲ. ಅದರ ಚೀಟಿಯಲ್ಲಿ ಪೆನ್ಸಿಲಿನಿಂದ 'ಮಾಲ್ಸುನ್' ಎಂದು ಬರೆದಿದ್ದಾರೆ. ನಾಲ್ಕನೆಯ ಮಗುವೂ ಹೆಣ್ಣಾದಾಗ, ಹೆಣ್ಣು ಇಲ್ಲಿಗೆ ಕೊನೆಯಾಗಲಿ ಎಂದು ಅಪ್ಪ ಇಟ್ಟ ಹೆಸರು ಅದು; 'ಮಾಲ್' ಅಂದರೆ ಕೊನೆ. ಆ ಹೆಸರನ್ನು ಜನ ಅಂಗಡಿಯಲ್ಲಿ ಕೇಳಿ ಕೊಳ್ಳಬೇಕು. ಅವರಿಗಿರುವುದು ಇದೊಂದೇ ಆಸೆ.

ಅದಕ್ಕೆ ಗಿಡ ಹೆಚ್ಚಾಗಬೇಕು, ಹೆಚ್ಚಾಗಲು ತಲೆ ಕತ್ತರಿಸಬೇಕು. ತಲೆ ಬೇರು ಬಿಡುತ್ತದೆ, ಮೋಟಿನಿಂದ ಐದಾರು ಮರಿ ಏಳುತ್ತವೆ. ಸಾವಿರಾರು ತಲೆ ಕತ್ತರಿಸಿದ ಕೈ ಇದೊಂದರ ಮುಂದೆ ಮಾತ್ರ ನಿಂತುಬಿಡುತ್ತಿತ್ತು. ಜೊತೆಗೆ ಮೆಟ್ಟಿಲು ತೊಳೆಯುವ ಹ್ವಾಜಾ ಪ್ರತಿವರ್ಷ ಕೆಣಕುತ್ತಿದ್ದಳು: "ಅಕ್ಕಾ, ಭಾವನ ತಲೆ ಬೋಳಿಸೋವಾಗ ಕಿವೀನೂ ಬಿಡಲ್ಲ ನೀನು. ಒಂದು ಗಿಡಕ್ಕೆ ಹೆದರ್ತೀಯಲ್ಲ."

"ಈ ಚಳಿಗಾಲದ ಬಣ್ಣ ಒಂದು ನೋಡಿಬಿಡ್ತೀನಿ ಕಣೇ," ಎನ್ನುತ್ತಿದ್ದರು ಮಾಲ್ಸುನ್. ಹಾಗೆ ಆರು ಚಳಿಗಾಲ ಕಳೆದವು.

ಈ ತಿಂಗಳು ಮಂಡಿಗಾಗಿ ಹನ್ನೆರಡು ದಿನ ಆಸ್ಪತ್ರೆ. ಮನೆಯಲ್ಲಿದ್ದವರು ಗಂಡ ಗೀಹೋ ಒಬ್ಬರೇ. ಐದು ವರ್ಷದ ಹಿಂದೆ ಲಕ್ವ ಹೊಡೆದು ಅವರ ಎಡಗೈ ಬಿದ್ದುಹೋಗಿದೆ. ಏನೂ ಮಾಡಬೇಡಿ, ಗಿಡ ಮುಟ್ಟಬೇಡಿ ಎಂದು ಮಾಲ್ಸುನ್ ಹೇಳಿಯೇ ಹೋಗಿದ್ದರು. ಆದರೆ ಹೊರಗೆ ಧೋ ಎಂದು ಮಳೆ, ಒಳಗೆ ಕುರ್ಚಿಯ ಎದುರಿಗೇ ಸುಕ್ಕುಗಟ್ಟುತ್ತಿರುವ ಎಲೆ. ಗೀಹೋ ದಿನಾ ತಮ್ಮ ಲೋಟದ ಬಾರ್ಲಿ ನೀರಿನಲ್ಲಿ ಅರ್ಧ ಕುಡಿದು ಅರ್ಧ ಅದಕ್ಕೆ ಕೊಟ್ಟರು. ಮಳೆಗಾಲದ ಸೆಖೆಯಲ್ಲಿ ಈ ಜಾತಿಯ ಬುಡಕ್ಕೆ ನೀರೇ ವಿಷ.

ಮಾಲ್ಸುನ್ ಚಾಕು ಒರೆಸಿ ಬುಡದಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾ ಮೇಲೆ ಹೋಗುತ್ತಾರೆ. ಮೊದಲ ಬಿಲ್ಲೆ ಪೂರಾ ಕಪ್ಪು. ಎರಡನೆಯದು ಕಂದು. ಮೂರನೆಯದರ ನಡುವೆ ಉಂಗುರ, ನಾಲ್ಕನೆಯದರಲ್ಲಿ ಎಳ್ಳಿನಷ್ಟು ಚುಕ್ಕೆ. ಒಂದೊಂದು ಸಲವೂ ಚಾಕು ಒರೆಸುತ್ತಾರೆ. ಐದನೆಯದರಲ್ಲೂ ಚುಕ್ಕೆ ಇದೆ.

ಹಿಂದಿನಿಂದ ಗೀಹೋ ಕೇಳುತ್ತಾರೆ, "ಏನಾಯ್ತೇ ಅದಕ್ಕೆ?"

"ಮಳೆ ಜಾಸ್ತಿ ಆಯ್ತು."

ಆತ ಬಾಲ್ಕನಿಯ ಮುಚ್ಚಿದ ಗಾಜಿನ ಕಡೆ ನೋಡುತ್ತಾರೆ. "ಬಾಲ್ಕನಿ ಒಳಗೆ ಮಳೆ ಎಲ್ಲಿಂದ ಬರುತ್ತೆ?"

ಮಾಲ್ಸುನ್ ಆರನೆಯ ಬಿಲ್ಲೆ ಕೊಯ್ಯುತ್ತಾರೆ.

"ಬಾಯಾರಿದ ಹಾಗೆ ಕಾಣ್ತಿತ್ತು," ಎನ್ನುತ್ತಾರೆ ಗೀಹೋ.

ಏಳನೆಯ ಬಿಲ್ಲೆಗೆ ಕಾಂಡ ಮುಗಿಯುತ್ತದೆ. ತಲೆಯ ನಟ್ಟನಡುವಿನ ಸುಳಿಯೂ ಬೆಂದ ಈರುಳ್ಳಿಯ ಹಾಗಾಗಿದೆ. ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ, ನಲವತ್ತೊಂದು. ಬುಡ ಗಟ್ಟಿಯಿರುವುದು ಮೂರಕ್ಕೆ ಮಾತ್ರ. ಅವನ್ನು ಒಣಮಣ್ಣಿನ ಮೇಲೆ ಮಲಗಿಸುತ್ತಾರೆ. ಎಲೆಯಿಂದ ಬೇರು ಬರಬಹುದು, ಆದರೆ ಮರಿ ಬರುತ್ತದೆಂಬ ಖಾತ್ರಿಯಿಲ್ಲ. ಬರೀ ಬೇರು ಬಿಟ್ಟುಕೊಂಡು ವರ್ಷಗಟ್ಟಲೆ ಹಾಗೇ ಬಿದ್ದಿದ್ದು ಒಣಗುವ ಎಲೆಗಳೂ ಇವೆ. ತಿಳಿಯಲು ಮೂರು ತಿಂಗಳು ಬೇಕು.

ಆಮೇಲೆ ಗೋಡೆ ಹಿಡಿದು ಏಳುತ್ತಾರೆ, ಗಂಡನ ಲೋಟಕ್ಕೆ ಬಾರ್ಲಿ ನೀರು ಬಗ್ಗಿಸುತ್ತಾರೆ. "ಪೂರ್ತಿ ನೀವೇ ಕುಡೀರಿ," ಎನ್ನುತ್ತಾರೆ. ನನ್ನ ಕಡೆ ತಿರುಗಿ ಹೇಳುತ್ತಾರೆ, "ಒಂದು ಮರಿ ಬಂದ್ರೂ ಸಾಕು. ಈ ಸಲ ಬಣ್ಣ ನೋಡ್ತಾ ಕೂರಲ್ಲ, ಕುತ್ತಿಗೆಯಷ್ಟು ಕಾಂಡ ಬಂದ ದಿನವೇ ಕತ್ತರಿಸ್ತೀನಿ. ಅದನ್ನ ಮಾಡಿದೋಳು ನಾನು, ಕತ್ತರಿಸೋದೂ ನಾನೇ."

ಒಂದೇ ಒಂದನ್ನು ಮುದ್ದು ಮಾಡಿಕೊಂಡು ಕೂತವರ ಗತಿ ಕೇಳಿದಿರಲ್ಲ. ನಿಮ್ಮ ಕಿಟಕಿಯಲ್ಲೂ ಬಣ್ಣದ ಗಿಡವೊಂದು ಇದೆಯಲ್ಲವೇ? ಇವತ್ತೇ ಅದರ ತಲೆ ಕತ್ತರಿಸಿ ನನಗೆ ತಂದುಕೊಡಿ. ಮೋಟು ನೀವೇ ಇಟ್ಟುಕೊಳ್ಳಿ, ನಾನೇನು ಆಸೆಬುರುಕನಲ್ಲ.